ಹಳೇದು ಯಾಕ ಕೆಟ್ಟಿತು?

ಹುಲಿಗೆಮ್ಮ ರಾಯಚೂರಿನವಳು. ಅವಳ ಗಂಡ ಯಲ್ಲಪ್ಪ ಟ್ಯಾಕ್ಸಿ ಓಡಿಸುತ್ತಾನೆ. ಕಾರು ಹಳೆಯದು, 2009ರ ಮಾದರಿ. ಮಹಿಳಾ ಸಂಘದ ಸಾಲದಿಂದ ಕೊಂಡದ್ದು.

ರಾಯಚೂರಿನ ಬೇಸಿಗೆ ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಯಲ್ಲಪ್ಪನ ಕಾರಿಗೆ ರೋಗಿಗಳೇ ಹೆಚ್ಚು ಬರುತ್ತಾರೆ. ಹೈದರಾಬಾದಿನ ಆಸ್ಪತ್ರೆಗೆ ಹೋಗುವವರು. ಕೂಸು ಎತ್ತಿಕೊಂಡು ತವರಿಗೆ ಬರುವ ಬಾಣಂತಿಯರು. "ಎಸಿ ಅದ ಏನ್ರಿ?" ಇದೇ ಅವರ ಮೊದಲ ಮಾತು. ಎಸಿ ಇಲ್ಲದಿದ್ದರೆ ಬೇರೆ ಕಾರು ಹುಡುಕುತ್ತಾರೆ.

ಹೋದ ವರ್ಷ ಎಸಿ ಕೆಟ್ಟಿತು. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಕಂಪ್ರೆಸರ್ ಬದಲಿಸಿದರು. ಎರಡೇ ತಾಸಿನ ಕೆಲಸ. 12,000 ರೂಪಾಯಿ ಆಯಿತು. ಅದೂ ಸಂಘದ ಸಾಲವೇ. ಎರಡು ತಿಂಗಳು ತಂಪು ಬಂತು. ಮೂರನೇ ತಿಂಗಳು ಕರ ಕರ ಸದ್ದು. ಆಮೇಲೆ ತಂಪು ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಮತ್ತೆ ಬೇಸಿಗೆ ಬಂತು. ಮತ್ತೆ ಕಂಪ್ರೆಸರ್ ಮಾತು ಬಂತು.

"ಈ ಸಲ ನಾನೂ ಗ್ಯಾರೇಜಿಗೆ ಬರ್ತೀನಿ" ಎಂದಳು ಹುಲಿಗೆಮ್ಮ.

ಯಲ್ಲಪ್ಪ ನಕ್ಕ. "ಅಲ್ಲಿ ನಿನಗೇನು ಕೆಲಸ?"

"ಸಾಲದ ಪುಸ್ತಕದಾಗ ಸಹಿ ಮಾಡಿದವಳು ನಾನು. ಕೆಲಸ ನೋಡಾಕೂ ನಾನೇ ಬೇಕು."

ಹುಲಿಗೆಮ್ಮ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಎರಡು ವರ್ಷವಾಗಿದೆ. ರಾತ್ರಿ ಶಾಲೆಯಲ್ಲಿ ಓದು ಬರಹ ಕಲಿತಿದ್ದಾಳೆ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಹಿಡಿದು ಗಂಡನ ಜೊತೆ ಹೊರಟಳು.

ಗ್ಯಾರೇಜಿನ ಖಾದರ್ ಮೇಸ್ತ್ರಿ ಎಸಿ ಕೆಲಸದಲ್ಲಿ ಪಳಗಿದವರು. "ಬರ್ರಿ ಅಕ್ಕಾರ" ಎಂದು ಸ್ಟೂಲು ಕೊಟ್ಟರು.

ಹುಲಿಗೆಮ್ಮ ಕೂರುವ ಮೊದಲೇ ಕೇಳಿದಳು: "ಅಣ್ಣಾರ, ಹಳೇದು ಯಾಕ ಕೆಟ್ಟಿತು?"

ಮೇಸ್ತ್ರಿ ಪಾನಾ ಕೆಳಗಿಟ್ಟರು. "ಈ ಮಾತು ಯಾರೂ ಕೇಳಂಗಿಲ್ಲ ನೋಡ್ರಿ. 'ಎಷ್ಟು ಆಗ್ತದ?' ಅಂತಷ್ಟೇ ಕೇಳ್ತಾರ. ನೀವು ಕೇಳೀರಿ. ಹೇಳ್ತೀನಿ, ಬರಕೊಳ್ರಿ."

ತಂಪು ಹೇಗೆ ಬರುತ್ತದೆ?

ಸೂಜಿ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಹಚ್ಚುತ್ತಾರೆ. ಆ ಜಾಗ ತಣ್ಣಗಾಗುತ್ತದೆ. ಯಾಕೆ? ಸ್ಪಿರಿಟ್ ಆರುತ್ತದೆ. ಆರುವಾಗ ಮೈಯ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ಹೀಗೆಯೇ. ಗಡಿಗೆಯಿಂದ ಜಿನುಗಿದ ನೀರು ಆರುತ್ತದೆ. ಒಳಗಿನ ನೀರು ತಂಪಾಗುತ್ತದೆ.

ಎಸಿಯ ಗುಟ್ಟೂ ಇದೇ. ಎಸಿಯ ಕೊಳವೆಗಳಲ್ಲಿ ಒಂದು ಗ್ಯಾಸು ಇರುತ್ತದೆ. ಅದು ಸುತ್ತು ಹೊಡೆಯುತ್ತಲೇ ಇರುತ್ತದೆ. ಒಂದು ಕಡೆ ನೀರಿನಂತೆ ಆಗುತ್ತದೆ. ಇನ್ನೊಂದು ಕಡೆ ಆವಿಯಾಗುತ್ತದೆ. ಆವಿಯಾಗುವಾಗ ಕಾರಿನ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ.

ಈ ಸುತ್ತಿನಲ್ಲಿ ನಾಲ್ಕು ಮುಖ್ಯ ಜಾಗಗಳಿವೆ.

1. ಕಂಪ್ರೆಸರ್: ಇಂಜಿನ್ನಿನ ಬೆಲ್ಟು ಇದನ್ನು ತಿರುಗಿಸುತ್ತದೆ. ಇದು ಗ್ಯಾಸನ್ನು ಒತ್ತುತ್ತದೆ. ಒತ್ತಿದ ಗ್ಯಾಸು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೆನಪಿಸಿಕೊಳ್ಳಿ.

2. ಕಂಡೆನ್ಸರ್: ಇದು ಕಾರಿನ ಮುಂದೆ, ರೇಡಿಯೇಟರಿನ ಹತ್ತಿರ ಇರುವ ಜಾಲರಿ. ಇಲ್ಲಿ ಗಾಳಿ ಬಡಿದು ಬಿಸಿ ಹೊರಗೆ ಹೋಗುತ್ತದೆ. ಗ್ಯಾಸು ನೀರಿನಂತೆ ಆಗುತ್ತದೆ.

3. ವಾಲ್ವು: ಇದು ಬಹಳ ಸಣ್ಣ ಬಾಯಿ. ಇಲ್ಲಿಂದ ಗ್ಯಾಸು ಸ್ವಲ್ಪ ಸ್ವಲ್ಪವೇ ನುಗ್ಗುತ್ತದೆ.

4. ಕೂಲಿಂಗ್ ಕಾಯಿಲ್: ಇದು ಕಾರಿನ ಒಳಗೆ, ಡ್ಯಾಶ್‌ಬೋರ್ಡಿನ ಹಿಂದೆ ಇದೆ. ಇಲ್ಲಿ ಗ್ಯಾಸು ಆವಿಯಾಗುತ್ತದೆ. ಕಾಯಿಲ್ ತಣ್ಣಗಾಗುತ್ತದೆ. ಫ್ಯಾನು ಆ ತಂಪನ್ನು ನಮ್ಮ ಮುಖಕ್ಕೆ ತರುತ್ತದೆ.

ಗ್ಯಾಸು ಮತ್ತೆ ಕಂಪ್ರೆಸರಿಗೆ ಬರುತ್ತದೆ. ಗ್ಯಾಸಿನ ಜೊತೆ ಸ್ವಲ್ಪ ಎಣ್ಣೆಯೂ ಸುತ್ತುತ್ತದೆ. ಕಂಪ್ರೆಸರಿಗೆ ಆ ಎಣ್ಣೆಯೇ ಜೀವ.

"ಒಂದು ಮಾತು ನೆನಪಿಡ್ರಿ" ಎಂದರು ಮೇಸ್ತ್ರಿ. "ಎಸಿ ಗ್ಯಾಸು ಪೆಟ್ರೋಲಿನಂಗ ಖರ್ಚಾಗಂಗಿಲ್ಲ. ಬೇಗ ಬೇಗ ಕಡಿಮಿ ಆಗ್ತದ ಅಂದ್ರ ಎಲ್ಲೋ ಸೋರ್ತದ ಅಂತಲೇ ಅರ್ಥ. ಸೋರಿಕೆ ಮುಚ್ಚದೆ ಗ್ಯಾಸು ತುಂಬಿದ್ರ ತೂತಿನ ಕೊಡಕ್ಕ ನೀರು ಹೊಯ್ದಂಗ."

ನಿಜವಾಗಿ ಕಂಪ್ರೆಸರೇ ಕೆಟ್ಟಿದೆಯೇ?

ತಂಪು ಬರಲಿಲ್ಲ ಎಂದ ಕೂಡಲೇ ಕಂಪ್ರೆಸರ್ ಬದಲಿಸಬಾರದು. ಫ್ಯೂಸು ಹೋಗಿರಬಹುದು. ಕಂಡೆನ್ಸರಿನ ಫ್ಯಾನು ನಿಂತಿರಬಹುದು. ಗ್ಯಾಸು ಸೋರಿರಬಹುದು. ಗ್ಯಾಸು ತೀರಾ ಕಡಿಮೆಯಾದರೆ ಎಷ್ಟೋ ಕಾರುಗಳಲ್ಲಿ ಕಂಪ್ರೆಸರ್ ತಾನಾಗಿಯೇ ಓಡುವುದಿಲ್ಲ. ಅಂಥ ಕಡೆ ಕಂಪ್ರೆಸರ್ ಚೆನ್ನಾಗಿಯೇ ಇರುತ್ತದೆ. ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.

ಮೇಸ್ತ್ರಿ ಇಂಜಿನ್ ಚಾಲು ಮಾಡಿಸಿ ಎಸಿ ಒತ್ತಿಸಿದರು. ಕಂಪ್ರೆಸರಿನಿಂದ 'ಟಕ್' ಎಂದು ಸದ್ದು ಬರಬೇಕು. ಸದ್ದು ಬಂತು. ಆದರೆ ಕೂಡಲೇ ಬೆಲ್ಟು ಕಿರುಚಿತು. ಮೇಸ್ತ್ರಿ ತಕ್ಷಣ ಎಸಿ ನಿಲ್ಲಿಸಿದರು. ಇಂಜಿನ್ ಬಂದ್ ಮಾಡಿಸಿ, ಕಂಪ್ರೆಸರಿನ ನಡುಬಿಲ್ಲೆಯನ್ನು ಕೈಯಿಂದ ತಿರುಗಿಸಿ ನೋಡಿದರು. ತಿರುಗಲಿಲ್ಲ.

"ಒಳಗ ಹಿಡಕೊಂಡದ. ಇದು ಕಂಪ್ರೆಸರೇ ಹೋಗ್ಯಾದ."

ಮೊದಲು ಗ್ಯಾಸು ತೆಗೆಯಬೇಕು

ಕಾರಿನ ಟೈರಿಗೆ ಸುಮಾರು 30 ಪೌಂಡು ಗಾಳಿ ಹಾಕುತ್ತಾರೆ. ಎಸಿ ಓಡುವಾಗ ಅದರ ಬಿಸಿ ಕೊಳವೆಯಲ್ಲಿ ಒತ್ತಡ 200 ಪೌಂಡು ದಾಟುತ್ತದೆ. ಎಸಿ ನಿಂತ ಮೇಲೂ ಒಳಗೆ ಒತ್ತಡ ಇರುತ್ತದೆ. ಗ್ಯಾಸು ಇರುವಾಗ ಕೊಳವೆ ಬಿಚ್ಚಿದರೆ ಅದು ರಭಸದಿಂದ ಹಾರುತ್ತದೆ. ಮೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅದಕ್ಕೆ ಮೇಸ್ತ್ರಿ ಕನ್ನಡಕ ಹಾಕಿಕೊಂಡರು. ಕೈಗವಸು ತೊಟ್ಟರು. ಸಹಾಯಕ ಹುಡುಗನಿಗೂ ತೊಡಿಸಿದರು. "ಬೀಡಿ ಹಚ್ಚಬ್ಯಾಡ್ರಿ" ಎಂದು ಯಲ್ಲಪ್ಪನಿಗೆ ಹೇಳಿದರು. ಬೆಂಕಿ ತಾಗಿದರೆ ಈ ಗ್ಯಾಸಿನಿಂದ ವಿಷದ ಹೊಗೆ ಬರುತ್ತದೆ.

ಗ್ಯಾಸನ್ನು ಸುಮ್ಮನೆ ಗಾಳಿಗೆ ಬಿಡಬಾರದು. ಅದನ್ನು ಎಳೆದು ಸಿಲಿಂಡರಿಗೆ ತುಂಬುವ ಯಂತ್ರವಿದೆ. ಯಾಕೆ ಇಷ್ಟು ಜೋಪಾನ?

ಹಿಂದೆ ಕಾರುಗಳಲ್ಲಿ 'ಆರ್-12' ಎಂಬ ಗ್ಯಾಸು ಇರುತ್ತಿತ್ತು. ನಮ್ಮ ತಲೆಯ ಮೇಲೆ, ಬಹಳ ಎತ್ತರದಲ್ಲಿ ಓಜೋನ್ ಪದರ ಇದೆ. ಸೂರ್ಯನ ಕೆಟ್ಟ ಕಿರಣಗಳಿಂದ ಅದು ನಮ್ಮನ್ನು ಕಾಯುತ್ತದೆ. ಆರ್-12 ಆ ಪದರವನ್ನು ತಿನ್ನುತ್ತದೆ. 1987ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಹಲವು ದೇಶಗಳು ಒಪ್ಪಂದ ಮಾಡಿಕೊಂಡವು. ಇಂಥ ಗ್ಯಾಸುಗಳನ್ನು ನಿಲ್ಲಿಸಬೇಕು ಎಂದು ತೀರ್ಮಾನವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಆಮೇಲೆ ಕಾರುಗಳಿಗೆ 'ಆರ್-134ಎ' ಎಂಬ ಗ್ಯಾಸು ಬಂತು. ಇದು ಓಜೋನನ್ನು ತಿನ್ನುವುದಿಲ್ಲ. ಆದರೆ ಭೂಮಿಯ ಶಾಖವನ್ನು ಹೆಚ್ಚಿಸುತ್ತದೆ. ಒಂದು ಕಿಲೋ ಆರ್-134ಎ ಸಾವಿರ ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ.

"ನಾವು ಗಾಳಿಗೆ ಬಿಟ್ರ ನಮ್ಮ ಬಿಸಿಲು ನಾವೇ ಹೆಚ್ಚು ಮಾಡಿಕೊಂಡಂಗ" ಎಂದಳು ಹುಲಿಗೆಮ್ಮ.

ಎಣ್ಣೆ ಹೇಳಿದ ಕತೆ

ಮೇಸ್ತ್ರಿ ಬ್ಯಾಟರಿಯ ತಂತಿ ಕಳಚಿದರು. ಬೆಲ್ಟು ಸಡಿಲ ಮಾಡಿ ತೆಗೆದರು. ಕಂಪ್ರೆಸರಿನ ಎರಡು ಕೊಳವೆ ಬಿಚ್ಚಿದರು. ಬಿಚ್ಚಿದ ಕೂಡಲೇ ಕೊಳವೆಗಳ ಬಾಯಿಗೆ ಬಿರಡೆ ಹಾಕಿದರು.

"ಇಷ್ಟು ಅವಸರ ಯಾಕ್ರಿ ಅಣ್ಣಾರ?"

"ನೀವು ಉಪ್ಪಿನಕಾಯಿ ಭರಣಿ ತೆರೆದು ಇಡ್ತೀರೇನು? ಒದ್ದಿ ಚಮಚ ಹಾಕ್ತೀರೇನು? ಇದೂ ಹಂಗೇ. ಒಳಗ ತೇವ ಹೋಗಬಾರದು. ತೇವ ಸೇರಿದ್ರ ಆಮ್ಲ ಆಗಿ ಒಳಗಿನ ಲೋಹ ತಿಂತದ. ವಾಲ್ವಿನ ಬಾಯಾಗ ಮಂಜು ಕಟ್ಟಿ ದಾರಿ ಮುಚ್ತದ."

ಕಂಪ್ರೆಸರಿನ ಬೋಲ್ಟುಗಳನ್ನು ಬಿಚ್ಚಿ ಅದನ್ನು ಕೆಳಗಿಳಿಸಿದರು. ಬೋರಲು ಹಾಕಿ ಒಳಗಿನ ಎಣ್ಣೆಯನ್ನು ಅಳತೆ ಲೋಟಕ್ಕೆ ಸುರಿದರು. ಹುಲಿಗೆಮ್ಮ ಬಗ್ಗಿ ನೋಡಿದಳು. ಎಣ್ಣೆ ಕಪ್ಪಾಗಿತ್ತು. ಬಿಸಿಲಿಗೆ ಹಿಡಿದರೆ ಮಿಣ ಮಿಣ ಹೊಳೆಯಿತು.

"ಇದೇನಿದು ಮಿಂಚು?"

"ಲೋಹದ ಪುಡಿ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಅದ ಅಕ್ಕಾರ."

ಮೇಸ್ತ್ರಿ ಒಂದು ಕೊಳವೆಯ ಕೂಡು ತೋರಿಸಿದರು. ಅಲ್ಲಿ ಎಣ್ಣೆಯ ಕಲೆ ಇತ್ತು. ಒಳಗಿನ ರಬ್ಬರ್ ಉಂಗುರ ಗಟ್ಟಿಯಾಗಿ ಸೀಳಿತ್ತು. ಕುಕ್ಕರಿನ ಹಳೆ ಗ್ಯಾಸ್ಕೆಟ್ಟಿನ ಹಾಗೆ.

ಆಗಿದ್ದು ಇಷ್ಟು. ಮೊದಲು ಆ ಉಂಗುರದ ಬಳಿ ಗ್ಯಾಸು ಸೋರಿತು. ಗ್ಯಾಸಿನ ಜೊತೆ ಎಣ್ಣೆಯೂ ಹೋಯಿತು. ಎಣ್ಣೆ ಸಾಲದೆ ಮೊದಲ ಕಂಪ್ರೆಸರ್ ಒಳಗೊಳಗೇ ಉಜ್ಜಿ ಸವೆಯಿತು. ಸವೆದ ಲೋಹದ ಪುಡಿ ಕೊಳವೆಗಳಲ್ಲೆಲ್ಲ ಹರಡಿತು. ಹೋದ ವರ್ಷ ಕಂಪ್ರೆಸರ್ ಮಾತ್ರ ಬದಲಿಸಿದರು. ಉಂಗುರ ಹಳೆಯದೇ ಉಳಿಯಿತು. ಪುಡಿಯೂ ಒಳಗೇ ಉಳಿಯಿತು. ಆ ಪುಡಿಯೇ ಹೊಸ ಕಂಪ್ರೆಸರನ್ನು ತಿಂದಿತು.

"ಬ್ಯಾಳಿಯೊಳಗಿನ ಕಲ್ಲು ಆರಿಸದೆ ಹೊಸ ಗಿರಣಿ ತಂದಂಗ ಆತಲ್ಲ!" ಎಂದಳು ಹುಲಿಗೆಮ್ಮ.

"ಸರಿಯಾಗಿ ಹೇಳಿದ್ರಿ."

ಅರ್ಧವೋ, ಪೂರ್ತಿಯೋ?

ಮೇಸ್ತ್ರಿ ಹೇಳಿದರು. ಹುಲಿಗೆಮ್ಮ ಬರೆದಳು.

ಕಂಪ್ರೆಸರ್: 9,500
ಕಂಡೆನ್ಸರ್: 3,800
ಡ್ರೈಯರ್: 700
ವಾಲ್ವು: 900
ರಬ್ಬರ್ ಉಂಗುರಗಳು: 200
ಎಣ್ಣೆ: 600
ಗ್ಯಾಸು: 1,000
ತೊಳೆಯುವ ಕೆಲಸ ಮತ್ತು ಮಜೂರಿ: 2,800
ಒಟ್ಟು: 19,500 ರೂಪಾಯಿ

(ಇದು ಈ ಕಾರಿನ ಲೆಕ್ಕ. ನಿಮ್ಮ ಊರಿನ ದರ, ನಿಮ್ಮ ಕಾರಿನ ದರ ಬೇರೆ ಇರಬಹುದು.)

ಯಲ್ಲಪ್ಪನ ಮುಖ ಸಣ್ಣದಾಯಿತು. "ಕಂಡೆನ್ಸರ್ ಬ್ಯಾಡ. ಕಂಪ್ರೆಸರ್ ಅಷ್ಟೇ ಹಾಕ್ರಿ. ನಾಳೆ ಬಾಡಿಗಿ ಅದ."

ಹುಲಿಗೆಮ್ಮ ಕೇಳಿದಳು: "ಕಂಡೆನ್ಸರ್ ತೊಳದ್ರ ಆಗಂಗಿಲ್ಲೇನು?"

"ಕೊಳವಿ ತೊಳೀಬಹುದು. ಕಂಡೆನ್ಸರಿನ ನಾಳ ಬಹಳ ಸಣ್ಣವು. ಪುಡಿ ಹೊಕ್ಕರ ಪೂರಾ ಹೊರಗ ಬರಂಗಿಲ್ಲ. ಎಣ್ಣಿ ಚೊಕ್ಕ ಇದ್ದಿದ್ರ ನಾನೇ ಬ್ಯಾಡ ಅಂತಿದ್ದೆ."

ಕೈಯಲ್ಲಿ 9,000 ರೂಪಾಯಿ ಇತ್ತು. ಇನ್ನೂ 10,500 ಬೇಕು. ಹುಲಿಗೆಮ್ಮ ಯೋಚಿಸಿದಳು. "ಎಸಿ ಇಲ್ಲದೆ ಕಾರು ಓಡ್ತದೇನ್ರಿ?"

"ಓಡ್ತದ. ಇದರ ಪುಲ್ಲಿ ಸರಾಗ ತಿರುಗ್ತದ. ಹಳೇದನ್ನೇ ವಾಪಸ್ ಕೂಡಿಸಿ ಬಾಯಿ ಮುಚ್ಚಿ ಕೊಡ್ತೀನಿ. ಅದರ ತಂತಿ ಕಳಚಿರ್ತೀನಿ. ಎಸಿ ಮಾತ್ರ ಹಚ್ಚಬ್ಯಾಡ್ರಿ."

"ಹಂಗಾರ ಹಂಗೇ ಮಾಡ್ರಿ. ಅರ್ಧ ಮಾಡಿ ಮತ್ತ ಕಳಕೊಳ್ಳೋದು ಬ್ಯಾಡ. ತಡದು ಪೂರ್ತಿ ಮಾಡಿಸ್ತೀವಿ."

ಮುಂದಿನ ವಾರ ಸಂಘ ಸೇರಿತು. "ತಂಪು ಹವಾಕ್ಕ ಎರಡು ಸಲ ಸಾಲ ಏನವ್ವ?" ಎಂದಳು ಶರಣಮ್ಮ. ಹುಲಿಗೆಮ್ಮ ನೋಟ್‌ಬುಕ್ಕು ತೆರೆದಳು. ಹೋದ ವರ್ಷ ಏನು ಬಿಟ್ಟುಹೋಗಿತ್ತು, ಈ ಸಲ ಏನೇನು ಮಾಡಿಸಬೇಕು, ಯಾವುದಕ್ಕೆ ಎಷ್ಟು, ಎಲ್ಲವನ್ನೂ ಓದಿದಳು. ಎಸಿ ಇದ್ದಾಗ ಬೇಸಿಗೆಯಲ್ಲಿ ಬಂದ ಬಾಡಿಗೆ ಎಷ್ಟು, ಇಲ್ಲದಾಗ ಎಷ್ಟು, ಅದನ್ನೂ ಓದಿದಳು. ಶರಣಮ್ಮ ಸುಮ್ಮನಾದಳು. ಸಾಲ ಮಂಜೂರಾಯಿತು.

ಹೊಸದನ್ನು ಕೂಡಿಸುವುದು

ಹೊಸ ಕಂಪ್ರೆಸರ್ ಬಂತು. ಮೇಸ್ತ್ರಿ ಅದನ್ನು ಹಳೆಯದರ ಪಕ್ಕದಲ್ಲಿ ಇಟ್ಟರು. ಬೋಲ್ಟಿನ ತೂತುಗಳು ಒಂದೇ ಕಡೆ ಇವೆಯೇ? ಪುಲ್ಲಿಯ ಗಾತ್ರ ಒಂದೇಯೇ? ಗೆರೆಗಳ ಲೆಕ್ಕ ಒಂದೇಯೇ? ಕೊಳವೆ ಸೇರುವ ಬಾಯಿ ಸರಿಯಿದೆಯೇ? ಡಬ್ಬಿಯ ಮೇಲೆ ಯಾವ ಗ್ಯಾಸಿನ ಹೆಸರಿದೆ? ಇಷ್ಟೂ ನೋಡಿದ ಮೇಲೆಯೇ ಕೆಲಸ ಶುರು.

ಮೊದಲು ಕೊಳವೆಗಳನ್ನು ತೊಳೆಯುವ ದ್ರವ ಹಾಕಿ ತೊಳೆದರು. ಒಣ ಗಾಳಿ ಊದಿ ಆರಿಸಿದರು. ಹೊಸ ಕಂಡೆನ್ಸರ್, ಹೊಸ ವಾಲ್ವು ಕೂಡಿಸಿದರು.

ಆಮೇಲೆ ಎಣ್ಣೆ. ಸಾಮಾನ್ಯವಾಗಿ ಹೊಸ ಕಂಪ್ರೆಸರಿನಲ್ಲಿ ಎಣ್ಣೆ ತುಂಬಿಯೇ ಬರುತ್ತದೆ. ಎಷ್ಟು ತುಂಬಿದೆ ಎಂದು ನೋಡಿ, ಕಡಿಮೆ ಬಿದ್ದಷ್ಟನ್ನು ಅಳೆದು ಹಾಕಬೇಕು. ಕಡಿಮೆಯಾದರೆ ಕಂಪ್ರೆಸರ್ ಸವೆಯುತ್ತದೆ. ಹೆಚ್ಚಾದರೆ ತಂಪು ಕಡಿಮೆಯಾಗುತ್ತದೆ. ಯಾವ ಎಣ್ಣೆಯಾದರೂ ನಡೆಯುವುದಿಲ್ಲ. ಆರ್-12 ಗ್ಯಾಸಿನ ಎಣ್ಣೆ ಆರ್-134ಎ ಜೊತೆ ಬೆರೆಯುವುದಿಲ್ಲ. ಇಂಜಿನ್ ಎಣ್ಣೆಯನ್ನಂತೂ ಹಾಕಲೇಬಾರದು.

ಮೇಸ್ತ್ರಿ ಕಂಪ್ರೆಸರನ್ನು ಕೂಡಿಸಿ ಬೋಲ್ಟು ಬಿಗಿದರು. ಎಲ್ಲ ಕೂಡುಗಳಿಗೂ ಹೊಸ ರಬ್ಬರ್ ಉಂಗುರ ಹಾಕಿದರು. ಒಂದೊಂದಕ್ಕೂ ಎಣ್ಣೆ ಸವರಿದರು. ನಡುಬಿಲ್ಲೆಯನ್ನು ಕೈಯಿಂದಲೇ ಹತ್ತು ಸುತ್ತು ತಿರುಗಿಸಿದರು. ಒಳಗೆ ಒಂದೇ ಕಡೆ ನಿಂತ ಎಣ್ಣೆ ಎಲ್ಲ ಕಡೆ ಹರಡಲಿ ಎಂದು. ಬೆಲ್ಟು ಹಾಕಿ, ಅದು ನೇರ ಇದೆಯೇ, ಬಿಗಿ ಸರಿಯಿದೆಯೇ ಎಂದು ನೋಡಿದರು.

ಡ್ರೈಯರನ್ನು ಕೊನೆಗೆ ತೆರೆದರು. ಡ್ರೈಯರಿನ ಒಳಗೆ ತೇವ ಹೀರುವ ಕಾಳುಗಳಿವೆ. ಮೊದಲೇ ತೆರೆದಿಟ್ಟರೆ ಅವು ಹೊರಗಿನ ಗಾಳಿಯ ತೇವವನ್ನೇ ಹೀರಿ ಮುಗಿಸುತ್ತವೆ.

ಒಳಗಿನ ಗಾಳಿ ಎಳೆಯುವುದು

ಈಗ ಕೊಳವೆಗಳಲ್ಲಿ ಗ್ಯಾಸು ಇಲ್ಲ. ಬರಿ ಗಾಳಿ ಇದೆ. ಗಾಳಿಯಲ್ಲಿ ತೇವ ಇದೆ. ಅದನ್ನು ವ್ಯಾಕ್ಯೂಮ್ ಪಂಪು ಎಳೆಯುತ್ತದೆ.

ಕುಕ್ಕರಿನಲ್ಲಿ ಒತ್ತಡ ಹೆಚ್ಚು. ಅಲ್ಲಿ ನೀರು ಕುದಿಯಲು ಹೆಚ್ಚು ಶಾಖ ಬೇಕು. ವ್ಯಾಕ್ಯೂಮ್ ಅದರ ತಿರುಗು. ಒತ್ತಡ ತೀರಾ ಕಡಿಮೆಯಾದರೆ ಬೆಂಕಿ ಇಲ್ಲದೆಯೇ ನೀರು ಕುದಿದು ಆವಿಯಾಗುತ್ತದೆ. ಪಂಪು ಆ ಆವಿಯನ್ನು ಹೊರಗೆ ಹಾಕುತ್ತದೆ.

ಪಂಪು ಕಡಿಮೆಯೆಂದರೂ ಅರ್ಧ ತಾಸು ಓಡಬೇಕು. ಮೇಸ್ತ್ರಿ ಮುಕ್ಕಾಲು ತಾಸು ಓಡಿಸಿದರು. ಆಮೇಲೆ ಪಂಪು ನಿಲ್ಲಿಸಿ ಗೇಜಿನ ಮುಳ್ಳು ತೋರಿಸಿದರು. "ಈ ಮುಳ್ಳು ಅಲುಗಾಡಬಾರದು. ಮ್ಯಾಲ ಬಂದ್ರ ಎಲ್ಲೋ ಸೋರಿಕಿ ಅದ." ಹುಲಿಗೆಮ್ಮ ಮುಳ್ಳನ್ನೇ ನೋಡುತ್ತ ಕುಳಿತಳು. ಚಹಾ ಕುಡಿದು ಮುಗಿಯಿತು. ಮುಳ್ಳು ಅಲುಗಲಿಲ್ಲ.

ಹೋದ ವರ್ಷ ಈ ಪಂಪನ್ನು ನೋಡಿದ ನೆನಪು ಯಲ್ಲಪ್ಪನಿಗೆ ಇರಲಿಲ್ಲ. ಎರಡು ತಾಸಿನಲ್ಲಿ ಕೆಲಸ ಹೇಗೆ ಮುಗಿದಿತ್ತು ಎಂದು ಈಗ ತಿಳಿಯಿತು.

ತೂಗಿ ತುಂಬುವುದು

ಬಾನೆಟ್ಟಿನ ಕೆಳಗೆ ಒಂದು ಚೀಟಿ ಅಂಟಿಸಿತ್ತು. ಅದರಲ್ಲಿ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಬೇಕು ಎಂಬುದು ಇರುತ್ತದೆ. ಚೀಟಿ ಇಂಗ್ಲಿಷಿನಲ್ಲಿತ್ತು. ಆದರೆ ಅಂಕಿ ಹುಲಿಗೆಮ್ಮನಿಗೆ ಗೊತ್ತು. ಬಟ್ಟೆಯಿಂದ ಧೂಳು ಒರೆಸಿ ಓದಿದಳು: 134. ಕೆಳಗೆ 500.

"ಅಂದ್ರ ಅರ್ಧ ಕಿಲೋ. ಹೌದಿಲ್ರಿ ಅಣ್ಣಾರ?"

"ಹೌದ್ರಿ. ಅಂದಾಜಿನ ಮ್ಯಾಲ ತುಂಬಬಾರದು. ಹೆಚ್ಚಾದ್ರ ತಂಪು ಹೆಚ್ಚಾಗಂಗಿಲ್ಲ, ಒತ್ತಡ ಹೆಚ್ಚಾಗ್ತದ. ಕಂಪ್ರೆಸರಿಗೆ ಭಾರ."

ಮೇಸ್ತ್ರಿ ಗ್ಯಾಸಿನ ಸಿಲಿಂಡರನ್ನು ತಕ್ಕಡಿಯ ಮೇಲೆ ಇಟ್ಟು ತುಂಬಿದರು. ಮೊದಲು 13 ಕಿಲೋ 200 ಗ್ರಾಂ ಇತ್ತು. 12 ಕಿಲೋ 700 ಗ್ರಾಂ ಆದಾಗ ನಿಲ್ಲಿಸಿದರು. ಹುಲಿಗೆಮ್ಮ ಕಳೆದು ನೋಡಿದಳು. ಸರಿಯಾಗಿತ್ತು.

ಸಿಲಿಂಡರಿನ ಮೇಲಿನ ಹೆಸರನ್ನೂ ಓದಬೇಕು. ಅಗ್ಗವೆಂದು ಅಡುಗೆ ಗ್ಯಾಸಿನಂಥ ಹೊತ್ತಿಕೊಳ್ಳುವ ಗ್ಯಾಸನ್ನು ತುಂಬಿಸಬಾರದು. ಸೋರಿದರೆ ಕಾರಿನ ಒಳಗೇ ಬೆಂಕಿ ಬೀಳಬಹುದು.

ಕೊನೆಗೆ ಎಲ್ಲ ಕೂಡುಗಳಿಗೂ ಸಾಬೂನಿನ ನೊರೆ ಹಚ್ಚಿದರು. ಗುಳ್ಳೆ ಏಳಲಿಲ್ಲ. ಮನೆಯ ಗ್ಯಾಸು ಸಿಲಿಂಡರಿಗೂ ಹುಲಿಗೆಮ್ಮ ಹೀಗೆಯೇ ನೋಡುತ್ತಾಳೆ.

ಇಂಜಿನ್ ಚಾಲು ಆಯಿತು. ಟಕ್ ಎಂದಿತು. ಬೆಲ್ಟು ಕಿರುಚಲಿಲ್ಲ. ಯಲ್ಲಪ್ಪ ಕೈ ಹಿಡಿದು ನೋಡಿದ. ತಂಪು ಗಾಳಿ ಬಂತು.

ಬಿಲ್ಲು ಕೇಳಿ ಪಡೆಯಿರಿ

ಹೋದ ವರ್ಷ ಬಿಲ್ಲು ಇರಲಿಲ್ಲ. ಅದಕ್ಕೇ ಯಾರನ್ನೂ ಕೇಳಲು ಆಗಲಿಲ್ಲ. ಈ ಸಲ ಹುಲಿಗೆಮ್ಮ ಬಿಲ್ಲು ಬರೆಸಿದಳು. ಪ್ರತಿ ಸಾಮಾನಿನ ಹೆಸರು, ಕಂಪ್ರೆಸರಿನ ನಂಬರು, ತಾರೀಖು, ಗ್ಯಾರಂಟಿ ಎಷ್ಟು ತಿಂಗಳು, ಎಲ್ಲವೂ ಅದರಲ್ಲಿದೆ. ತೊಳೆದಿಲ್ಲ, ಡ್ರೈಯರ್ ಬದಲಿಸಿಲ್ಲ ಎಂದಾದರೆ ಹಲವು ಕಂಪನಿಗಳು ಗ್ಯಾರಂಟಿ ಕೊಡುವುದಿಲ್ಲ. ಆ ಬಿಲ್ಲೇ ಆಧಾರ. ತೆಗೆದ ಹಳೆಯ ಸಾಮಾನನ್ನೂ ಕೇಳಿ ನೋಡಿದಳು.

ಕಾರಿಗೆ ಹತ್ತುವಾಗ ಯಲ್ಲಪ್ಪ ಹೇಳಿದ: "ಹೋದ ವರ್ಷನೂ ನೀ ಬಂದಿದ್ರ 12,000 ಉಳೀತಿತ್ತು."

"ಹೋದ ವರ್ಷ ನೀ ಕರೀಲಿಲ್ಲ" ಎಂದಳು ಹುಲಿಗೆಮ್ಮ.

ನೆನಪಿಡಿ

ಯಾವ ಯಂತ್ರ ಕೆಟ್ಟರೂ ಮೊದಲು ಕೇಳಿ: ಯಾಕೆ ಕೆಟ್ಟಿತು?
ಕಾರಣ ಸರಿಪಡಿಸದೆ ಹೊಸದನ್ನು ಹಾಕಿಸಬೇಡಿ.
ಎಸಿ ಕೊಳವೆಯನ್ನು ಮನೆಯಲ್ಲಿ ಬಿಚ್ಚಬೇಡಿ. ಯಂತ್ರ, ಗೇಜು, ತಕ್ಕಡಿ ಇರುವ ಕಡೆ ಹೋಗಿ.
ವ್ಯಾಕ್ಯೂಮ್ ಮಾಡಿದರೇ? ಗ್ಯಾಸು ತೂಗಿದರೇ? ಕೇಳಿ, ನೋಡಿ, ಬರೆದುಕೊಳ್ಳಿ.

ಅಭ್ಯಾಸ

ಅ. ಉತ್ತರ ಬರೆಯಿರಿ.
1. ಹೋದ ವರ್ಷದ ಕಂಪ್ರೆಸರ್ ಮೂರೇ ತಿಂಗಳಲ್ಲಿ ಯಾಕೆ ಕೆಟ್ಟಿತು?
2. ಕೊಳವೆಯ ಬಾಯಿಗೆ ಬಿರಡೆ ಯಾಕೆ ಹಾಕಬೇಕು?
3. ಡ್ರೈಯರನ್ನು ಕೊನೆಗೆ ಯಾಕೆ ತೆರೆಯುತ್ತಾರೆ?

ಆ. ಬಿಟ್ಟ ಜಾಗ ತುಂಬಿರಿ.
1. ಎಸಿ ಗ್ಯಾಸು ಪೆಟ್ರೋಲಿನ ಹಾಗೆ ______ ಆಗುವುದಿಲ್ಲ.
2. ಆರ್-12 ಗ್ಯಾಸು ______ ಪದರವನ್ನು ತಿನ್ನುತ್ತದೆ.

ಇ. ಲೆಕ್ಕ ಮಾಡಿರಿ.
1. ಸಿಲಿಂಡರಿನ ತೂಕ ಮೊದಲು 13 ಕಿಲೋ 200 ಗ್ರಾಂ. ಆಮೇಲೆ 12 ಕಿಲೋ 700 ಗ್ರಾಂ. ಎಷ್ಟು ಗ್ರಾಂ ಗ್ಯಾಸು ತುಂಬಿದರು?
2. ಹೋದ ವರ್ಷದ ಖರ್ಚು 12,000. ಈ ವರ್ಷದ ಖರ್ಚು 19,500. ಎರಡೂ ಸೇರಿ ಎಷ್ಟು?

ಈ. ಕೂಡಿ ಮಾತಾಡಿರಿ.
ನಿಮ್ಮ ಮನೆಯಲ್ಲಿ ಯಾವುದಾದರೂ ಸಾಮಾನು ಎರಡು ಸಲ ಕೆಟ್ಟಿದೆಯೇ? ಪಂಪು, ಮಿಕ್ಸಿ, ಹೊಲಿಗೆ ಯಂತ್ರ, ಯಾವುದಾದರೂ ಸರಿ. ಮೊದಲ ಸಲ ಯಾಕೆ ಕೆಟ್ಟಿತು ಎಂದು ಕೇಳಿದ್ದಿರಾ? ಬಿಲ್ಲು ಪಡೆದಿದ್ದಿರಾ?